ಕಾರಣ ಕೇಳುವ ಬೀಗ

ನಮ್ಮೂರಿಗೆ ಇರುವುದು ಒಂದೇ ಓಟು. ಮನೆಗೊಂದಲ್ಲ, ಆಳಿಗೊಂದಲ್ಲ, ಇಡೀ ಊರಿಗೆ ಸೇರಿ ಒಂದು. ಅದೂ ಬ್ರಿಟನ್ನಿನ ಪಾರ್ಲಿಮೆಂಟಿನ ಚುನಾವಣೆಗೆ. ಅಲ್ಲಿ ಚುನಾವಣೆ ಬಂತೆಂದರೆ ನಮ್ಮ ಟಪಾಲು ಕಚೇರಿಯ ಗೋಡೆಯ ಕೆಂಪು ಡಬ್ಬಿಯೊಳಗೆ ಒಂದು ಓಟಿನ ಚೀಟಿ ಬಂದು ಬಿದ್ದಿರುತ್ತದೆ. ನಾವು ಅದರ ಮೇಲೆ ಗುರುತು ಹಾಕಿ ಅದೇ ಡಬ್ಬಿಗೆ ಹಾಕುತ್ತೇವೆ. ಯಾರು ತರುತ್ತಾರೆ, ಯಾರು ಒಯ್ಯುತ್ತಾರೆ ಎಂದು ನನ್ನನ್ನು ಕೇಳಬೇಡಿ. ನಾನು ಗಂಟೆ ಬಾರಿಸುವವನು, ಟಪಾಲಿನವನಲ್ಲ. ಆ ಓಟು ಅಲ್ಲಿಯ ಯಾವುದೋ ಒಂದು ಊರಿನ ಲೆಕ್ಕಕ್ಕೆ ಸೇರುತ್ತದೆ. ಅದರ ಹೆಸರು ನಮ್ಮ ನಾಲಿಗೆಗೆ ಹೊರಳುವುದಿಲ್ಲವಾದ್ದರಿಂದ ಆಚೆಯೂರು ಎನ್ನುತ್ತೇವೆ.

ಆಚೆಯೂರನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಆದರೆ ಅಲ್ಲಿಯ ಮನೆಗಳ ಬಗ್ಗೆ ನಮಗೆ ಗೊತ್ತಿಲ್ಲದ್ದು ಕಡಿಮೆ. ರೇಡಿಯೋ ಕೇಳುತ್ತೇವೆ, ಪೇಪರು ಓದುತ್ತೇವೆ, ಉಳಿದದ್ದನ್ನು ಮಾತಾಡಿ ಮಾತಾಡಿ ತಿಳಿದುಕೊಳ್ಳುತ್ತೇವೆ. ನಳದ ಮುಂದೆ ನಿಂತ ಹೆಂಗಸರು, "ಆ ಮುದುಕಿ ಮನಿ ಗ್ವಾಡಿಗೆ ಬೂಷ್ಟು ಹತ್ತೇತಂತ, ಸರಕಾರದಾವ್ರು ಇನ್ನೂ ಬಂದು ನೋಡಿಲ್ಲಂತ, ಪಾಪ" ಎಂದು ಕೊಡ ತುಂಬಿ ಹರಿಯುತ್ತಿದ್ದರೂ ಮರೆತು ನಿಲ್ಲುತ್ತಾರೆ. ಊರಿನ ಸುತ್ತ ಹಸಿರು ಬಿಡಬೇಕೋ, ಅಲ್ಲಿ ಮನೆ ಕಟ್ಟಿಸಬೇಕೋ ಎಂಬ ಆಚೆಯೂರಿನ ಜಗಳಕ್ಕೆ ನಮ್ಮ ಕಂಬಾರ ಓಣಿಯ ಅಣ್ಣ ತಮ್ಮಂದಿರು ಒಂದೇ ಅಂಗಳದಲ್ಲಿದ್ದುಕೊಂಡು ಮಾತು ಬಿಟ್ಟಿದ್ದರು. ಹೊರಗಿನಿಂದ ಬಂದವರು ನಗುತ್ತಾರೆ. ನಗಲಿ. ಮುಖ ನೋಡದ ಜನರ ಮನೆ ಸೋರಿದರೆ ತಲೆ ಕೆಡಿಸಿಕೊಳ್ಳುವ ಊರು ಇನ್ನೆಲ್ಲಾದರೂ ಇದ್ದರೆ ತೋರಿಸಲಿ, ನನ್ನ ಮೀಸೆ ತೆಗೆಸುತ್ತೇನೆ.

ಇದರಲ್ಲಿ ನಮ್ಮ ಪಾಲೂ ಇದೆ ಅನ್ನಿ. ಮನೆಗಳ ವಿಷಯದಲ್ಲಿ ನಾವು ಯಾವ ಕಡೆಗೆ ಓಟು ಹಾಕುತ್ತೇವೋ ಅದನ್ನು ನಮ್ಮೂರಿನ ಬೀಗಗಳೂ ಪಾಲಿಸುತ್ತವೆ. ಆಚೆಯೂರಿನಲ್ಲಿ ಯಾರು ಗೆದ್ದರು ಎಂಬುದು ಅವಕ್ಕೆ ಬೇಕಿಲ್ಲ. ಇಲ್ಲಿ ನಾವು ಏನು ಒಪ್ಪಿದೆವು ಎಂಬುದಷ್ಟೇ. ಒಂದು ಸಲ, ಬಳಸದ ಕೋಣೆ ಇಟ್ಟುಕೊಂಡವರು ಅದಕ್ಕೆ ತೆರಿಗೆ ಕಟ್ಟಬೇಕು ಎನ್ನುವವರ ಕಡೆಗೆ ನಮ್ಮ ಓಟು ಹೋಯಿತು. ಬೆಳಗೆದ್ದು ನೋಡಿದರೆ ಊರಿನ ಬಳಸದ ಕೋಣೆಗಳೆಲ್ಲ ಬೀಗ ಬಿಗಿದುಕೊಂಡು ಕೂತಿದ್ದವು. ನಮ್ಮ ಮನೆಯ ವರ್ಷದ ಉಪ್ಪಿನಕಾಯಿ ಒಳಗೇ ಉಳಿಯಿತು. ನನ್ನ ಹೆಂಡತಿ ಇವತ್ತಿಗೂ ಆ ಪಕ್ಷದ ಹೆಸರು ಎತ್ತಿದರೆ ಮುಖ ತಿರುಗಿಸುತ್ತಾಳೆ.

ಹೀಗಾಗಿ ಓಟಿನ ಮೊದಲು ವಾದ ನಡೆಯಬೇಕು. ಟಪಾಲು ಕಚೇರಿಯ ಮುಂದೆ ವಾದದ ಕಲ್ಲು ಎಂದಿದೆ, ಸೊಂಟದಷ್ಟು ಎತ್ತರ, ಹತ್ತಲು ಮೆಟ್ಟಿಲು ಕಡೆದಿದ್ದಾರೆ. ಊರು ಇಬ್ಬರನ್ನು ಆರಿಸುತ್ತದೆ. ಒಂದು ಗಡಿಗೆಯಲ್ಲಿ ಕೆಂಪು ದಾರ ಸುತ್ತಿದ ಅಡಿಕೆ, ನೀಲಿ ದಾರ ಸುತ್ತಿದ ಅಡಿಕೆ. ಕೈ ಹಾಕಿದಾಗ ಯಾವುದು ಬಂತೋ ಆ ಪಕ್ಷದ ವಾದವನ್ನು ಮಾಡಬೇಕು. ಮನಸ್ಸಿಗೆ ಒಪ್ಪಲಿ, ಬಿಡಲಿ, ಮನಸಾರೆ ಮಾಡಬೇಕು. ಬೇಕೆಂದೇ ಸೋತರೆ ವಾದವೇ ಬಿದ್ದುಹೋದಂತೆ; ನಡುವೆ ಹಿಂದೆ ಸರಿದರೂ ಹಾಗೇ. ವಾದ ಬಿದ್ದರೆ ಓಟು ಖಾಲಿ ಹೋಗುತ್ತದೆ, ಹಳೆಯ ಕಟ್ಟಳೆಯೇ ಮುಂದುವರಿಯುತ್ತದೆ. ಇನ್ನು ಕಲ್ಲಿನ ಮೇಲೆ ಸ್ವಂತ ಮನೆಯ ಸುದ್ದಿ ತೆಗೆಯುವಂತಿಲ್ಲ. ಮಾತೆಲ್ಲ ಆಚೆಯೂರಿನದೇ ಆಗಿರಬೇಕು. ಯಾರಾದರೂ ತಮ್ಮ ಮನೆಯ ಕಡೆಗೆ ಹೊರಳಿದರೆ ನಾನು ಗಂಟೆ ಬಾರಿಸುತ್ತೇನೆ. ಅಲ್ಲಿಗೆ ಅವರ ಮಾತು ಮುಗಿಯಿತು. ಕಡೆಯದು, ವಾದ ನಿಂತೇ ಮಾಡಬೇಕು. ಕಲ್ಲಿನ ಮೇಲೆ ಕೂತವನು ಮತ್ತೆ ಜೀವಮಾನದಲ್ಲಿ ಅದನ್ನು ಹತ್ತುವಂತಿಲ್ಲ. ನಮ್ಮಪ್ಪ ಗಂಟೆ ಬಾರಿಸಿದ, ಈಗ ನಾನು ಬಾರಿಸುತ್ತೇನೆ. ಗಂಟಿ ಶೇಖಪ್ಪ ಎಂದರೆ ಯಾರಾದರೂ ಮನೆ ತೋರಿಸುತ್ತಾರೆ.

ಈ ಕಲ್ಲಿನ ರಾಜ ಎಂದರೆ ಚನ್ನವೀರಪ್ಪನವರು. ಬಟ್ಟೆ ಅಂಗಡಿಯವರು, ವಯಸ್ಸು ಎಪ್ಪತ್ತರ ಮೇಲೆ, ಬೆನ್ನು ಕೋಲಿನಂತೆ ನೆಟ್ಟಗೆ. ಅವರು ಸೋತದ್ದನ್ನು ನಾನು ಕಂಡಿಲ್ಲ. ಕೆಂಪು ಬಂದರೆ ಕೆಂಪು, ನೀಲಿ ಬಂದರೆ ನೀಲಿ. ಮೊದಲ ಮಾತಿಗೇ ಜನ ತೆಪ್ಪಗಾಗುತ್ತಿದ್ದರು. ಅವರ ಮನೆ ಎರಡು ಅಂತಸ್ತಿನದು. ಮೇಲೆ ಅವರೊಬ್ಬರೇ ಇರುತ್ತಿದ್ದರು, ಅದರ ಮೇಲೆ ಬಿಸಿಲು ಬೀಳುವ ಬಯಲು ಮಾಳಿಗೆ. ಕೆಳಗಿನ ಮನೆಯಲ್ಲಿ ಬಾಡಿಗೆಗೆ ಶಾವಿಗೆ ಕಲ್ಲವ್ವ ಇದ್ದಳು. ಗಂಡ ಲಾರಿಯ ಮೇಲಿರುವವನು, ತಿಂಗಳಿಗೊಮ್ಮೆ ಮುಖ ತೋರಿಸಿ ಹೋಗುತ್ತಾನೆ. ಅವಳ ಶಾವಿಗೆ ಮಷೀನು ಶುರುವಾದರೆ ಗೋಡೆ ನಡುಗುತ್ತಿತ್ತು. ಅದೊಂದು ಕಾರಣಕ್ಕೆ ಊರಿನಲ್ಲಿ ಬೇರೆ ಯಾರೂ ಅವಳಿಗೆ ಮನೆ ಕೊಡುವವರಿರಲಿಲ್ಲ. ಹಸಿ ಶಾವಿಗೆಯನ್ನು ಕೋಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಮಾಳಿಗೆಯಲ್ಲಿ ಒಣಗಿಸಿ ಬರುತ್ತಿದ್ದಳು. ಚನ್ನವೀರಪ್ಪನವರು ಬೈಯುತ್ತಿದ್ದರು, ಅವಳು ಹತ್ತುತ್ತಿದ್ದಳು. ಹಾಗೇ ನಡೆದುಕೊಂಡು ಬಂದಿತ್ತು.

ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಅವರು ಇದ್ದಕ್ಕಿದ್ದಂತೆ, "ಕಲ್ಲವ್ವ, ಯುಗಾದಿಗೆ ಮನಿ ಬಿಡಬೇಕು" ಎಂದರು.

"ಯಾಕ್ರೀ ಕಾಕಾರ? ನಾ ಏನ್ ತಪ್ಪು ಮಾಡೀನಿ?"

"ತಪ್ಪೇನಿಲ್ಲ. ಮನಿ ನಂದು. ಬೇಕಾಗೇತಿ."

"ಯಾಕ ಬೇಕಾಗೇತಿ ಅಂತನಾದ್ರೂ ಹೇಳ್ರಿ."

"ಹೇಳಬೇಕಂತ ಎಲ್ಲಿ ಐತಿ?"

ಎಲ್ಲೂ ಇರಲಿಲ್ಲ. ಹೋದ ಚುನಾವಣೆಯಲ್ಲಿ ನಾವು ಒಪ್ಪಿದ ಕಟ್ಟಳೆಯೇ ಹಾಗಿತ್ತು. ಮಾಲೀಕ ಕಾರಣ ಹೇಳದೆ ಮನೆ ಬಿಡಿಸಬಹುದು. ಗಡುವು ಮುಗಿದ ಬೆಳಿಗ್ಗೆ ಬೀಗ ಅವನ ಕೀಲಿಕೈಗೆ ಮಾತ್ರ ತಿರುಗುತ್ತದೆ. ಕಲ್ಲವ್ವ ಓಣಿ ಓಣಿ ತಿರುಗಿ ಮನೆ ಕೇಳಿದಳು. ಮಷೀನಿನ ಹೆಸರು ಕೇಳಿದ ಕೂಡಲೇ ಎಲ್ಲರೂ ಚಹಾ ಕುಡಿಸಿ ಕಳಿಸಿದರು. ಅವಳ ಅದೃಷ್ಟಕ್ಕೋ ಏನೋ, ಅದೇ ಹೊತ್ತಿಗೆ ಆಚೆಯೂರಿನ ಚುನಾವಣೆ ಬಂತು. ಬಂದ ವಿಷಯವೂ ಇದೇ. ಕಾರಣ ಹೇಳದೆ ಬಾಡಿಗೆದಾರರನ್ನು ಬಿಡಿಸುವುದು ನಿಲ್ಲಬೇಕು ಎಂದು ಕೆಂಪು ಪಕ್ಷ, ಮಾಲೀಕರ ಹಕ್ಕಿಗೆ ಕೈ ಹಾಕಬಾರದು ಎಂದು ನೀಲಿ ಪಕ್ಷ.

ಊರು ಎಂದಿನಂತೆ ಚನ್ನವೀರಪ್ಪನವರ ಹೆಸರು ಕೂಗಿತು. ಅವರ ಎದುರಿಗೆ ಯಾರು ಎಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಕಲ್ಲವ್ವ ಸೆರಗು ಸಿಕ್ಕಿಸಿ ಮುಂದೆ ಬಂದು, "ನಾ ನಿಲ್ತೀನಿ" ಎಂದಳು. ನಾಲಿಗೆ ಚುರುಕಿನವಳು, ಸಂತೆಯಲ್ಲಿ ಅವಳ ಮುಂದೆ ತೂಕ ಹೊಡೆಯುವ ಧೈರ್ಯ ಯಾರಿಗೂ ಇಲ್ಲ. ಜನ ಹೂಂ ಎಂದರು. ಅವಳ ಲೆಕ್ಕಾಚಾರ ಸರಳವಾಗಿತ್ತು: ಕೆಂಪು ಅಡಿಕೆ ಬರುತ್ತದೆ, ಬಾಡಿಗೆದಾರರ ಪರ ವಾದ ಮಾಡುತ್ತೇನೆ, ಗೆಲ್ಲುತ್ತೇನೆ, ಮನೆ ಉಳಿಯುತ್ತದೆ. ಗಡಿಗೆಗೆ ಕೈ ಹಾಕಿದಳು. ನೀಲಿ ಬಂತು.

ಅವಳ ಮುಖ ನೋಡಲಾಗಲಿಲ್ಲ ನನಗೆ. ಚನ್ನವೀರಪ್ಪನವರು ಉಳಿದ ಕೆಂಪನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಈಗ ಪರಿಸ್ಥಿತಿ ನೋಡಿ. ಅವಳು ಗೆದ್ದರೆ ಅವಳ ಮನೆ ಹೋಗುತ್ತದೆ. ಹಿಂದೆ ಸರಿದರೆ ಹಳೆಯ ಕಟ್ಟಳೆ ಉಳಿದು ಮನೆ ಹೋಗುತ್ತದೆ. ಬೇಕೆಂದೇ ಸೋತರೆ ಮಾನವೂ ಹೋಗುತ್ತದೆ, ಮನೆಯೂ ಹೋಗುತ್ತದೆ. ಮನಸಾರೆ ವಾದಿಸಿ ನಿಜವಾಗಿ ಸೋತರೆ ಮಾತ್ರ ಮನೆ ಉಳಿದೀತು. ಚನ್ನವೀರಪ್ಪನವರಿಗೋ, ಗೆದ್ದರೆ ತಮ್ಮ ಕೀಲಿಕೈ ತಮ್ಮ ಬೀಗಕ್ಕೇ ತಿರುಗುವುದಿಲ್ಲ.

"ಬಿಡ್ತೀಯೇನಬೇ?" ಎಂದು ನಾನೇ ಮೆಲ್ಲಗೆ ಕೇಳಿದೆ.

"ಗಡಿಗ್ಯಾಗ ಕೈ ಹಾಕಿ ಬಿಡಾಕ ನಾ ಏನು ಹುಡುಗಾಟ ಆಡಾಕ ಬಂದೀನೇನು, ಶೇಖಣ್ಣ?" ಎಂದು ಅಡಿಕೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು.

ವಾದದ ಹಿಂದಿನ ದಿನ ನಡೆದದ್ದನ್ನು ಅವಳು ಎಲ್ಲ ಮುಗಿದ ಮೇಲೆ ನನ್ನ ಹೆಂಡತಿಗೆ ಹೇಳಿದ್ದಳು, ಈಗ ನಾನು ನಿಮಗೆ ಹೇಳುತ್ತಿದ್ದೇನೆ. ಮಧ್ಯಾಹ್ನ ಅವಳು ಶಾವಿಗೆಯ ಕೋಲು ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ತಿರುವಿನಲ್ಲಿ ಚನ್ನವೀರಪ್ಪನವರು ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ಧೋತರ ಮೇಲೆ ಸರಿದಿತ್ತು. ಎರಡೂ ಮೊಣಕಾಲು ಬಾತು ಕುಂಬಳಕಾಯಿಯಂತಾಗಿದ್ದವು. ಕಣ್ಣು ಮುಚ್ಚಿ ಹಲ್ಲು ಕಚ್ಚಿ ಎಣ್ಣೆ ತಿಕ್ಕುತ್ತಿದ್ದವರು ಅವಳನ್ನು ಕಂಡವರೇ ಧೋತರ ಕೆಳಗೆ ಎಳೆದುಕೊಂಡು, "ಅಂಗಿ ಗುಂಡಿ ಬಿದ್ದೇತಿ, ಹುಡುಕಾಕತ್ತೀನಿ" ಎಂದರು.

"ನಾ ಹುಡುಕಿ ಕೊಡ್ಲೇನ್ರಿ?"

"ಬ್ಯಾಡ. ನೀ ನಡಿ ಮ್ಯಾಲ."

ಅವಳು ಮಾಳಿಗೆಗೆ ಹೋಗಿ ಶಾವಿಗೆ ಹರವುತ್ತ ನಿಂತಾಗ ಎಲ್ಲವೂ ಹೊಳೆಯಿತು. ಈ ಮನುಷ್ಯನಿಗೆ ಮೆಟ್ಟಿಲು ಹತ್ತಲಾಗುತ್ತಿಲ್ಲ. ಕೆಳಗಿನ ಮನೆ ಬೇಕಾದದ್ದು ಅದಕ್ಕೆ. ಹೇಳಿದರೆ ಊರಿಗೆ ಗೊತ್ತಾಗುತ್ತದೆ; ನಿಲ್ಲಲಾರದವನಿಗೆ ಕಲ್ಲೇಕೆ ಎನ್ನುತ್ತಾರೆ. ಅಂಗಡಿಯನ್ನು ಬಿಟ್ಟಾರು, ಆ ಕಲ್ಲು ಬಿಡುವವರಲ್ಲ ಅವರು. ಅವಳಿಗೆ ಅಯ್ಯೋ ಎನಿಸಿತು, ಸಿಟ್ಟೂ ಬಂತು. "ತಮ್ಮ ಮೊಣಕಾಲಿನ ಮಾನ ಉಳಿಸಾಕ ನನ್ನ ಬೀದಿಗೆ ಹಾಕಾಕ ಹೊಂಟಿದ್ರು ನೋಡ್ರಿ" ಎಂದು ನನ್ನ ಹೆಂಡತಿಯ ಮುಂದೆ ಹೇಳುವಾಗಲೂ ಅವಳ ಕಣ್ಣಲ್ಲಿ ನೀರಿತ್ತಂತೆ. ತಾನೇ ಹೋಗಿ ಒಂದು ಮಾತು ಆಡಬಹುದಿತ್ತಲ್ಲ ಎಂದರೆ, ಗುಂಡಿ ಹುಡುಕುತ್ತೇನೆ ಎನ್ನುವವರ ಜೊತೆ ಮೊಣಕಾಲಿನ ಮಾತು ಹೇಗೆ ಆಡುವುದು?

ಮರುದಿನ ಸಂಜೆ ಊರಿಗೆ ಊರೇ ಟಪಾಲು ಕಚೇರಿಯ ಮುಂದೆ ನೆರೆದಿತ್ತು. ಮೊದಲು ಚನ್ನವೀರಪ್ಪನವರು ಹತ್ತಿದರು. ನೆಟ್ಟಗೆ ನಿಂತರು. ಒಂದು ಕೈಯಲ್ಲಿ ಕೋಲು ಇತ್ತು. ಗತ್ತಿಗೆ ಹಿಡಿದಿದ್ದಾರೆ ಎಂದುಕೊಂಡೆವು.

"ಆಚೆಯೂರಾಗ ಬ್ರೆಡ್ಡು ಮಾಡೂ ಹೆಣಮಗಳೊಬ್ಬಾಕಿ ಅದಾಳ" ಎಂದು ಶುರು ಮಾಡಿದರು. "ಬಾಡಿಗಿ ಮನಿ. ಮುಂಜಾನೆ ಎದ್ದು ಹಿಟ್ಟು ನಾದತಾಳ. ಆ ಓಣಿ ಮಂದಿಗೆ ಬೆಳಗಾತು ಅಂತ ಗೊತ್ತಾಗೂದು ಗಡಿಯಾರದಿಂದಲ್ಲ, ಆಕಿ ಒಲಿ ವಾಸನಿಂದ. ಬಾಗಲದ ಮುಂದ ಕಸಾ ಉಳಿಸಿದಾಕಿ ಅಲ್ಲ. ಗ್ವಾಡಿಗೆ ಸುಣ್ಣಾ ಆಕೀನ ಹಚ್ಚಿದ್ದು. ಒಂದಿನ ಮಾಲೀಕ ಬಂದು ಹೊರಗ ನಡಿ ಅಂತಾನ. ಯಾಕ ಅಂದ್ರ, ಯಾಕ ಅನ್ನೂದಿಲ್ಲ ಅಂತಾನ. ಕಳ್ಳನ್ನ ಹಿಡದ್ರ ಯಾಕ ಹಿಡದೇವಿ ಅಂತ ಹೇಳ್ತೀವಿ. ಆಳನ್ನ ಬಿಡಿಸಿದ್ರ ಯಾಕ ಬಿಡಿಸಿದ್ವಿ ಅಂತ ಹೇಳ್ತೀವಿ. ಏನೂ ತಪ್ಪು ಮಾಡದಾಕೀಗೆ ಮಾತ್ರ ಹೇಳೂದಿಲ್ಲೇನು?"

ನಾನು ಗಂಟೆಯ ಹಗ್ಗ ಹಿಡಿದೇ ಇದ್ದೆ. ಬ್ರೆಡ್ಡು ಎಂದರೆ ಯಾವುದು, ಓಣಿ ಎಂದರೆ ಯಾವುದು ಎಂದು ಯಾರಿಗೆ ತಿಳಿಯುವುದಿಲ್ಲ? ಆದರೆ ಅವರು ಆಚೆಯೂರಿನ ಗಡಿ ದಾಟಲೇ ಇಲ್ಲ, ನಾನು ಬಾರಿಸುವ ಹಾಗಿರಲಿಲ್ಲ. ಮಾತು ಮುಂದುವರಿದಂತೆ ಅವರ ದನಿ ಇಳಿಯಿತು. ತಾವು ಹೇಳುತ್ತಿರುವುದು ತಮ್ಮ ಕಿವಿಗೇ ಬೀಳುತ್ತಿದೆ ಎನಿಸಿತು. ಆದರೂ ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ತನಗೆ ನಷ್ಟವಾಗುವ ಸತ್ಯವನ್ನು ಅಷ್ಟು ಚೆನ್ನಾಗಿ ಹೇಳಿದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಮ್ಮ ಚನ್ನವೀರಪ್ಪನವರು ಅಂದರೆ ಹೀಗೆ ಎಂದು ಹೆಮ್ಮೆಯಾಯಿತು.

ಕಲ್ಲವ್ವ ಹತ್ತಿದಳು. ಜನ ಪಾಪ ಎನ್ನುವ ಮುಖ ಮಾಡಿಕೊಂಡಿದ್ದರು. ಅವಳಿಗೆ ಪಾಪ ಬೇಕಿರಲಿಲ್ಲ.

"ಕಾರಣ ಹೇಳ್ರಿ ಅಂತ ಕೇಳೂದು ಭಾಳ ಸರಳ" ಎಂದಳು. "ಹೇಳೂದು ಸರಳ ಐತೇನು? ಆಚೆಯೂರಾಗ ಒಬ್ಬಾಕಿ ಮನಿ ಬಿಡ್ಸಾಕತ್ತಾಳ. ಯಾಕ? ಮಗಳು ಗಂಡನ ಮನಿ ಬಿಟ್ಟು ಬಂದಾಳ, ಇರಾಕ ಜಾಗಾ ಬೇಕು. ಇದನ್ನ ಬಾಡಿಗಿದಾರ್ರ ಮುಂದ, ಕೋರ್ಟಿನ ಮುಂದ, ಓಣಿ ಮುಂದ ಹೇಳಂದ್ರ ಆ ತಾಯಿ ಹೆಂಗ ಹೇಳ್ಯಾಳು? ಕಾರಣ ಇಲ್ಲ ಅಂತಲ್ಲ, ಕಾರಣ ಹೊರಗ ತರೂ ಹಂಗಿಲ್ಲ. ಎಲ್ಲಾರಿಗೂ ಒಂದು ಮುಚ್ಚಿಟ್ಟ ಗಾಯ ಇರತೈತಿ. ನೀವು ಮಾಡೂ ಕಾಯ್ದೆ ಅದನ್ನ ಬಿಚ್ಚಿ ತೋರ್ಸು ಅಂತೈತಿ. ಸುಮ್ಮನಿದ್ದಾಂವ ದುಷ್ಟ ಅಂತ ನಿಮಗ ಯಾರು ಹೇಳಿದ್ರು?"

ಜನ ಹೊರಳಿ ಕೂತರು. ಕೆಂಪು ಎಂದು ಮನಸ್ಸು ಮಾಡಿ ಬಂದವರು ಗದ್ದ ತುರಿಸಿಕೊಳ್ಳತೊಡಗಿದರು. ನನಗೂ ಹೌದಲ್ಲ ಎನಿಸಿತು. ಅವಳು ಗೆಲ್ಲುತ್ತಿದ್ದಳು, ಒಂದೊಂದು ಮಾತಿಗೂ ತನ್ನ ಮನೆಯ ಒಂದೊಂದು ಗೋಡೆ ಕೆಡವಿಕೊಳ್ಳುತ್ತ ಗೆಲ್ಲುತ್ತಿದ್ದಳು.

"ಇನ್ನೊಂದು ಹೇಳ್ತೀನಿ" ಎಂದಳು. "ಆಚೆಯೂರಾಗ ಒಬ್ಬ ಮುದುಕ ಅದಾನ. ಅವನೂ ಮಾಲೀಕನ. ಕೆಳಗಿನ ಮನಿ ಬಾಡಿಗಿಗೆ ಕೊಟ್ಟು ತಾ ಮ್ಯಾಲ ಇರ್ತಾನ. ಈಗೀಗ ಮೆಟ್ಟಲಾ..."

ನಿಲ್ಲಿಸಿದಳು. ಅವಳ ಕಣ್ಣು ಕಲ್ಲಿನ ಕೆಳಗೆ ನಿಂತಿದ್ದ ಚನ್ನವೀರಪ್ಪನವರ ಮೇಲಿತ್ತು. ಕೋಲು ಹಿಡಿಯದ ಕೈ ತಾನಾಗಿಯೇ ಮೊಣಕಾಲಿಗೆ ಹೋಗಿತ್ತು.

"ಇರ್ಲಿ ಬಿಡ್ರಿ. ನಂದು ಮುಗೀತು" ಎಂದು ಕೆಳಗಿಳಿದಳು.

ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ. ಜೋರಾಗಿ ಓಡುತ್ತಿದ್ದ ಎತ್ತು ನಡುದಾರಿಯಲ್ಲಿ ಮಲಗಿಬಿಟ್ಟಂತಾಗಿತ್ತು. ಜನ ಎದ್ದರು. ಕೆಂಪಿನವರು ನೀರಿನ ಟಾಕಿಯ ಕಡೆಗೆ, ನೀಲಿಯವರು ಟಪಾಲು ಕಚೇರಿಯ ಕಡೆಗೆ ಹೋಗಿ ನಿಂತರು. ಹೊಯ್ದಾಡುತ್ತಿದ್ದವರೆಲ್ಲ ಅರ್ಧ ಕೇಳಿದ ವಾದಕ್ಕಿಂತ ಪೂರ್ತಿ ಕೇಳಿದ್ದೇ ವಾಸಿ ಎಂದು ಟಾಕಿಯ ಕಡೆಗೆ ನಡೆದರು. ಕೆಂಪು ಗೆದ್ದಿತು. ಚೀಟಿಗೆ ಗುರುತು ಹಾಕಿ ಡಬ್ಬಿಗೆ ಹಾಕಿದೆವು. ಬೆಳಗಾಗುವಷ್ಟರಲ್ಲಿ ಬಾಡಿಗೆಗೆ ಕೊಟ್ಟ ಯಾವ ಮನೆಯ ಬೀಗವೂ ಮಾಲೀಕರ ಕೀಲಿಕೈಗೆ ಜಗ್ಗಲಿಲ್ಲ. ಬಾಡಿಗೆದಾರರಿಗೆ ಕಾರಣ ಹೇಳಿದ ಮೇಲೆಯೇ ಅವು ಇನ್ನು ತಿರುಗುವುದು.

ಕಲ್ಲವ್ವನ ಮನೆ ಉಳಿಯಿತು ಎಂದುಕೊಂಡಿರಾ? ಅದು ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಕಿರಾಣಿ ಅಂಗಡಿಯ ಈರಪಣ್ಣ ಬಾಡಿಗೆಗೆ ಕೊಟ್ಟ ಮನೆಗಳು ಹಲವು. ಅವನು ಬೆಳಿಗ್ಗೆಯೇ ಜನರನ್ನು ಸೇರಿಸಿ ಕೂಗಾಡತೊಡಗಿದ. "ಆಕಿ ಗೆಲ್ಲಾಕತ್ತಿದ್ಲು. ತನ್ನ ಮನಿ ನೆಪ್ಪಾತು, ಬಾಯಿ ಮುಚ್ಚಿದ್ಲು. ಇದು ಬೇಕಂತ ಸೋತಿದ್ದಲ್ಲ ಅಂದ್ರ ಇನ್ನೇನ್ರಿ? ವಾದ ಬಿತ್ತು ಅನ್ರಿ. ಓಟು ವಾಪಸ್ ತಗೀರಿ. ಆಕಿನ್ನ ಮತ್ತ ಕಲ್ಲು ಹತ್ತಸಬ್ಯಾಡ್ರಿ." ಕೇಳಿದವರಿಗೆ ಅದು ನಿಜವೆಂದೇ ಕಂಡಿತು. ನಿನ್ನೆಯವರೆಗೆ ಪಾಪ ಎಂದವರು ಇವತ್ತು ಅವಳ ಶಾವಿಗೆ ಕೊಳ್ಳದೆ ಹಾದುಹೋದರು. ನಳದ ಹತ್ತಿರ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ನಮ್ಮೂರಲ್ಲಿ ಕದ್ದವನನ್ನಾದರೂ ಕ್ಷಮಿಸುತ್ತಾರೆ, ವಾದಕ್ಕೆ ಮೋಸ ಮಾಡಿದವರನ್ನು ಕ್ಷಮಿಸುವುದಿಲ್ಲ.

ಆ ವಾರದ ಸಂತೆಯ ದಿನ ಊರು ಮತ್ತೆ ಕಲ್ಲಿನ ಮುಂದೆ ಸೇರಿತು. ವಾದ ಬಿತ್ತೆಂದು ತೀರ್ಮಾನವಾದರೆ ಡಬ್ಬಿಯೊಳಗಿನ ಚೀಟಿ ತಾನಾಗಿಯೇ ವಾಪಸ್ಸು ಬರುತ್ತದೆ, ಬೀಗಗಳು ಹಳೆಯ ದಾರಿಗೆ ತಿರುಗುತ್ತವೆ, ಯುಗಾದಿಗೆ ಕಲ್ಲವ್ವ ಬೀದಿಗೆ. ಈರಪಣ್ಣ ಅವಳನ್ನು ಎದುರಿಗೆ ನಿಲ್ಲಿಸಿ ಕೇಳಿದ.

"ಆ ಮುದುಕನ ಮಾತು ಯಾಕ ಅರ್ಧಕ್ಕ ಬಿಟ್ಟಿ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಏನರ ಕಾರಣ ಇದ್ರ ಹೇಳಬೇ. ನಾವೇನು ಕೇಳೂದಿಲ್ಲ ಅಂತೀವೇನು?" ಎಂದೆ ನಾನು. ಅವಳ ಮೇಲೆ ನನಗೆ ಮೊದಲಿನಿಂದಲೂ ಅಭಿಮಾನ. ಏನಾದರೂ ಹೇಳಲಿ, ಗಂಟಲು ಕಟ್ಟಿತು ಎಂದು ಸುಳ್ಳಾದರೂ ಹೇಳಲಿ ಎಂದು ಕಾದೆ.

"ಕಾರಣ ಐತಿ. ಹೇಳೂ ಹಂಗಿಲ್ಲ" ಎಂದಳು. ಅಷ್ಟೇ. ಜನ ನಕ್ಕರು. ಆದರೂ ಅವಳು ತಲೆ ಬಗ್ಗಿಸಲಿಲ್ಲ.

ಹಿಂದಿನಿಂದ ಕೋಲಿನ ಸದ್ದು ಕೇಳಿಸಿತು. ಚನ್ನವೀರಪ್ಪನವರು ಬರುತ್ತಿದ್ದರು. ಜನ ದಾರಿ ಬಿಟ್ಟರು. ಕಲ್ಲಿನ ಮೆಟ್ಟಿಲು ಹತ್ತಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಈ ಸಲ ಅದನ್ನು ಮುಚ್ಚಿಡುವ ಪ್ರಯತ್ನ ಮಾಡಲಿಲ್ಲ. ಮೇಲೆ ಹೋಗಿ ನಿಂತು, ಸುತ್ತ ಒಮ್ಮೆ ನೋಡಿ, ಕೋಲನ್ನು ಪಕ್ಕಕ್ಕಿಟ್ಟು, ಕೂತುಬಿಟ್ಟರು. ಕಲ್ಲಿನ ಮೇಲೆ, ಕಾಲು ಚಾಚಿ, ಎಲ್ಲರ ಎದುರಿಗೆ. ಮುಂದಿನ ಸಾಲಿನ ಮುದುಕಿಯೊಬ್ಬಳು ಶಿವ ಶಿವ ಎಂದಳು.

"ನನ್ನ ಸ್ವಂತ ಮನಿ ಮಾತು ಆಡಾಂವ ಅದೀನಿ" ಎಂದರು. "ಶೇಖಪ್ಪ, ಗಂಟಿ ಬಾರಸೂದಿದ್ರ ಬಾರಸು."

ಬಾರಿಸುವುದು ನನ್ನ ಧರ್ಮ. ನಮ್ಮಪ್ಪನಾಗಿದ್ದರೆ ಬಾರಿಸುತ್ತಿದ್ದನೋ ಏನೋ. ನಾನು ಹೆಗಲ ಮೇಲಿನ ಟವೆಲು ತೆಗೆದು ಗಂಟೆಯೊಳಗೆ ತುರುಕಿ, ಹಗ್ಗವನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ.

ಅವರು ಧೋತರವನ್ನು ಮೇಲೆ ಸರಿಸಿದರು. ಎಲ್ಲರೂ ಆ ಮೊಣಕಾಲುಗಳನ್ನು ನೋಡಿದೆವು. "ಈಕಿ ಅರ್ಧಕ್ಕ ಬಿಟ್ಟ ಮಾತು ನಾ ಮುಗಸ್ತೀನಿ" ಎಂದರು. "ಆಚೆಯೂರಾಗ ಒಬ್ಬ ಮುದುಕ ಅದಾನ. ಅವಗ ಮೆಟ್ಟಲಾ ಹತ್ತಾಕ ಆಗೂದಿಲ್ಲ. ಕೆಳಗಿನ ಮನಿ ಬೇಕು. ಆದ್ರ ಕಾಲು ಹೋದ್ವು ಅಂದ್ರ ಊರಾಗಿನ ಮರ್ಯಾದಿ ಹೋಗ್ತೈತಿ ಅಂತ ಬಾಯಿ ಬಿಡೂದಿಲ್ಲ. ಒಬ್ಬ ಹೆಣಮಗಳನ್ನ ಬೀದಿಗೆ ಹಾಕಿದ್ರೂ ಅಡ್ಡಿ ಇಲ್ಲ, ತನ್ನ ಗುಟ್ಟು ಉಳದ್ರ ಸಾಕು ಅಂತಾನ. ಇದ ಆ ವಾದದ ಜೀವ ಇತ್ತು. ಇದನ್ನ ಆಕಿ ಹೇಳಿದ್ರ ನೀವೆಲ್ಲಾ ನೀಲಿ ಕಡೆ ನಿಲ್ತಿದ್ರಿ, ನಾ ಸೋಲ್ತಿದ್ದೆ. ಆಕಿಗೆ ಗೊತ್ತಿತ್ತು, ನಾ ಮೆಟ್ಟಲದ ಮ್ಯಾಲ ಕುಂತಿದ್ದು ಕಣ್ಣಾರೆ ನೋಡಿದ್ಲು. ಬಾಯಿಗೆ ಬಂದಿದ್ದನ್ನ ನುಂಗಿದ್ಲು. ತನ್ನ ಮನಿ ಸಲುವಾಗಿ ಅಲ್ಲ, ನನ್ನ ಮುಖ ನೋಡಿ. ಆಕಿ ಬೇಕಂತ ಸೋತಿಲ್ಲ. ಸೋತಾಂವ ನಾನು. ಬರಕೋರಿ."

ಬರೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ, ಇದ್ದಿದ್ದರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಈರಪಣ್ಣ ಕೆಮ್ಮಿದ, ಚಪ್ಪಲಿ ನೋಡಿಕೊಂಡ, ಆಮೇಲೆ ಜನರ ನಡುವೆ ಸರಿದುಹೋದ. ವಾದ ಬಿದ್ದಿಲ್ಲ ಎಂದು ಯಾರೂ ಹೇಳಬೇಕಾಗಲಿಲ್ಲ.

"ಕಲ್ಲವ್ವ" ಎಂದು ಚನ್ನವೀರಪ್ಪನವರು ಕರೆದರು. "ಕಾರಣ ಕೇಳಿದ್ದಿಯಲ್ಲ, ಇದ ನೋಡು ಕಾರಣ. ಇನ್ನ ನಿನಗ ಬಿಟ್ಟಿದ್ದು."

ಕಲ್ಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳಿಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಇಷ್ಟ ಏನ್ರಿ ಕಾಕಾರ? ಸಂಕ್ರಾಂತಿಗೇ ಹೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು? ಊರೆಲ್ಲಾ ತಿರುಗಿ ಮಂದಿ ಮನ್ಯಾಗ ಚಹಾ ಕುಡುದು ಕುಡುದು ನನಗ ಪಿತ್ತ ಆಗೇತಿ. ನೀವು ಕೆಳಗ ಬರ್ರಿ. ನಾ ಮ್ಯಾಲ ಹೋಗ್ತೀನಿ. ಶಾವಿಗಿ ಒಣಗ್ಸಾಕ ಮಾಳಗಿ ಅಲ್ಲೇ ಐತಿ, ದಿನಾ ಹೊತ್ತು ಹತ್ತೂದರ ತಪ್ಪತೈತಿ."

"ಮಷೀನು ನನ್ನ ತಲಿ ಮ್ಯಾಲ ಗಡಗಡ ಅಂತೈತೇನು ಹಂಗಾರ?"

"ಅಂತೈತಿ. ಬ್ಯಾಡ ಅಂದ್ರ ಕಾರಣ ಹೇಳಬೇಕಾಗ್ತೈತಿ."

ಮೊದಲು ನಕ್ಕವರು ಚನ್ನವೀರಪ್ಪನವರೇ. ಆಮೇಲೆ ಊರೆಲ್ಲ ನಕ್ಕಿತು. ಅವರನ್ನು ಕಲ್ಲಿನಿಂದ ಇಳಿಸಲು ಅವಳೇ ಹೆಗಲು ಕೊಟ್ಟಳು. ಅವರು ಇನ್ನು ಆ ಕಲ್ಲು ಹತ್ತುವಂತಿಲ್ಲ ಎಂಬುದು ನನಗೆ ಆಗ ನೆನಪಾಯಿತು. ಅಂಥ ಮಾತುಗಾರರನ್ನು ನಾವು ಮತ್ತೆ ಕಾಣೆವು.

ಯುಗಾದಿಯ ಹಿಂದಿನ ದಿನ ಮಷೀನು ಮೇಲೆ ಸಾಗಿಸಲು ಓಣಿಯವರೆಲ್ಲ ಸೇರಿದೆವು. ಕಲ್ಲವ್ವ ಕೆಳಗಿನ ಮನೆಯಲ್ಲಿ ಕಡೆಯ ಸಲದ ಹಿಟ್ಟು ನಾದುತ್ತಿದ್ದಳು, ಬಾಗಿಲು ಹಾಕಿತ್ತು. ಚನ್ನವೀರಪ್ಪನವರು ತಮ್ಮ ಹಾಸಿಗೆ, ಗಡಿಯಾರ, ಎಣ್ಣೆಯ ಬಾಟಲಿ ಹೊರಿಸಿಕೊಂಡು ಬಾಗಿಲ ಮುಂದೆ ನಿಂತರು. ಕೀಲಿಕೈ ಅವರ ಕೈಯಲ್ಲಿತ್ತು. ಕಾರಣ ಹೇಳಿಯಾಗಿತ್ತು, ಅವಳು ಒಪ್ಪಿಯಾಗಿತ್ತು. ಬೀಗ ಈಗ ಅವರಿಗೆ ತಿರುಗುತ್ತಿತ್ತು. ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು, ಕೋಲಿನ ತುದಿಯಿಂದ ಬಾಗಿಲು ಬಡಿದು, ಕಾದು ನಿಂತರು.

"ತಡೀರಿ ಕಾಕಾರ, ಕೈ ಹಿಟ್ಟಾಗೇತಿ" ಎಂದು ಒಳಗಿನಿಂದ ಕಲ್ಲವ್ವ ಕೂಗಿದಳು.